ಮಂತ್ರಾಲಯದ ನೆತ್ತಿಯ ಮೇಲೆ 17 ಕಿಲೊಮೀಟರ್

ಏಪ್ರಿಲ್ ಕೊನೆಯ ಮಧ್ಯಾಹ್ನ ಮಂತ್ರಾಲಯದ ಸ್ನಾನಘಟ್ಟದ ಕಲ್ಲಿನ ಮೇಲೆ ಬರಿಗಾಲಿಡುವುದೇ ಕಷ್ಟ. ತುಂಗಭದ್ರೆ ಬಂಡೆಗಳ ಸಂದಿಯಲ್ಲಿ ಸಣ್ಣಗೆ ಹರಿಯುತ್ತಿರುತ್ತಾಳೆ. ಮಿಂದವರು ಒದ್ದೆ ಟವೆಲ್ ತಲೆಗೆ ಹಾಕಿಕೊಂಡು ಮಠದ ನೆರಳಿಗೆ ಓಡುತ್ತಾರೆ. ಆದೋನಿಯಲ್ಲಾಗಲಿ ಹೊಳೆಯಾಚೆಯ ರಾಯಚೂರಿನಲ್ಲಾಗಲಿ ಆ ದಿನಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಅದೇ ಕ್ಷಣದಲ್ಲಿ, ಅದೇ ಕಲ್ಲಿನ ನೇರ ಮೇಲೆ, 17 ಕಿಲೊಮೀಟರ್ ಎತ್ತರದಲ್ಲಿ ಗಾಳಿ ಸೊನ್ನೆಗಿಂತ ಸುಮಾರು 80 ಡಿಗ್ರಿ ಕೆಳಗಿರುತ್ತದೆ. ಬೇಸಿಗೆಯಲ್ಲಿ ಧ್ರುವದ ಮೇಲೆ ಅಷ್ಟೇ ಎತ್ತರ ಏರಿದರೂ ಇಂಥ ಚಳಿ ಸಿಗುವುದಿಲ್ಲ.

ನೆಲ ಹೆಚ್ಚು ಕಾಯುವ ಉಷ್ಣವಲಯದ ಮೇಲೆಯೇ ಆಕಾಶ ಹೆಚ್ಚು ತಣ್ಣಗಿದೆ ಎಂಬುದನ್ನು ಜಗತ್ತಿಗೆ ಸ್ಪಷ್ಟವಾಗಿ ಚಿತ್ರಿಸಿ ತೋರಿಸಿದವರು ಕೆ.ಆರ್. ರಾಮನಾಥನ್. ಪಾಲಕ್ಕಾಡಿನ ಕಲ್ಪಾತಿಯವರು, ಸಿ.ವಿ. ರಾಮನ್ ಅವರೊಂದಿಗೆ ಕಲ್ಕತ್ತದಲ್ಲಿ ಕೆಲಸ ಮಾಡಿದವರು. ಹವಾಮಾನ ಇಲಾಖೆಗೆ ಸೇರಿದ ಮೇಲೆ ಬಲೂನುಗಳು ತಂದ ಅಂಕಿಗಳನ್ನು ಒಟ್ಟುಗೂಡಿಸಿ 25 ಕಿಲೊಮೀಟರ್ ಎತ್ತರದವರೆಗಿನ ಗಾಳಿಯ ಚಿತ್ರ ಬರೆದರು. ಅದು 1929ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಮುಂದೆ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ಮೊದಲ ನಿರ್ದೇಶಕರಾದ ಅವರು ಓಝೋನ್ ಅಧ್ಯಯನಕ್ಕೆ ದೇಶದಲ್ಲಿ ಬುನಾದಿ ಹಾಕಿದರು. 17 ಕಿಲೊಮೀಟರ್ ಎತ್ತರದ ಆ ತಣ್ಣನೆಯ ಗಡಿಗೂ ಓಝೋನಿಗೂ ಇರುವ ನಂಟು ಎಷ್ಟು ಗಾಢವಾದದ್ದೆಂದು ತಿಳಿಯಲು ಮಾತ್ರ ಆ ಚಿತ್ರ ಬಂದ ಮೇಲೆ ಇಪ್ಪತ್ತು ವರ್ಷ ಬೇಕಾಯಿತು.

ಆ ಗಡಿಗೆ ವಿಜ್ಞಾನಿಗಳು ಟ್ರೋಪೊಪಾಸ್ ಎನ್ನುತ್ತಾರೆ. ಅದರ ಕೆಳಗಿರುವುದು ಪರಿವರ್ತನಾ ಮಂಡಲ. ನಮ್ಮ ಮಳೆ, ಗುಡುಗು, ದೂಳು, ಹೊಗೆ ಎಲ್ಲವೂ ಅಲ್ಲಿಯದೇ. ಮೇಲಿರುವುದು ಸಮೋಷ್ಣ ಮಂಡಲ. ಭೂಮಿಯ ಓಝೋನಿನಲ್ಲಿ ನೂರಕ್ಕೆ 90 ಪಾಲು ಅಲ್ಲೇ ಇದೆ. ನಮ್ಮ ಭಾಗದ ಆಕಾಶದಲ್ಲಿರುವ ಓಝೋನನ್ನೆಲ್ಲ ಸೋಸಿ ನೆಲಕ್ಕೆ ತಂದು ಹರಡಿದರೆ ಮೂರು ಮಿಲಿಮೀಟರ್ ದಪ್ಪವೂ ಆಗದು. ಅಷ್ಟು ತೆಳುವಾದದ್ದೇ ಸೂರ್ಯನ ನೇರಳಾತೀತ ಕಿರಣಗಳನ್ನು ತಡೆದು ಜೀವ ಉಳಿಸಿದೆ. ಆದರೆ ಅದೇ ಅನಿಲ ನಾವು ಉಸಿರಾಡುವ ಎತ್ತರದಲ್ಲಿ ಹೆಚ್ಚಾದರೆ ವಿಷ. ಗಂಟಲು ಕೆರೆಯುತ್ತದೆ, ಉಬ್ಬಸ ಇರುವವರಿಗೆ ಉಸಿರು ಕಟ್ಟುತ್ತದೆ, ಬೆಳೆಯ ಎಲೆ ಕಾಲಕ್ಕೆ ಮೊದಲೇ ಮುದಿಯಾಗುತ್ತದೆ.

ಆದೋನಿ, ಕೌತಾಳಂ, ಹೊಳಗುಂದ ಸೀಮೆಯ ಕನ್ನಡ ಶಾಲೆಗಳಲ್ಲೂ ಓಝೋನ್ ಪಾಠ ಇದೆ. ಅದರಲ್ಲಿ ಮೇಲಿನ ಓಝೋನಿನ ಮಹಿಮೆಯೇ ಹೆಚ್ಚು, ಕೆಳಗಿನದರ ಕೇಡು ಎರಡು ಸಾಲು. ಹಾಗಾಗಿ ಮಕ್ಕಳಿಗೆ ಸಹಜವಾಗಿಯೇ ಒಂದು ಪ್ರಶ್ನೆ ಏಳುತ್ತದೆ: ಅಷ್ಟೊಂದು ಓಝೋನ್ ಮೇಲಿದ್ದರೆ ಅದು ಕೆಳಗಿಳಿದು ಬರುವುದಿಲ್ಲವೇ? ಬರುತ್ತದೆ. ಹೇಗೆ, ಎಲ್ಲಿ, ಎಷ್ಟು ಎಂಬುದರಲ್ಲಿ ಈ ಸೀಮೆಗೆ ಸಂಬಂಧಪಟ್ಟ ವಿಷಯ ಬಹಳ ಇದೆ.

ಮೊದಲು ತಡೆಯ ಬಗ್ಗೆ. ಪರಿವರ್ತನಾ ಮಂಡಲದಲ್ಲಿ ಮೇಲೇರಿದಷ್ಟೂ ತಂಪು. ಬಿಸಿ ಗಾಳಿ ಏರುತ್ತದೆ, ತಣ್ಣನೆಯದು ಇಳಿಯುತ್ತದೆ, ಎಲ್ಲ ಕಲಸಿಹೋಗುತ್ತದೆ. ಆದೋನಿಯ ಹೊಲದಿಂದ ಎದ್ದ ದೂಳು ಒಂದೆರಡು ದಿನದಲ್ಲಿ ಹಲವು ಕಿಲೊಮೀಟರ್ ಮೇಲೇರಬಲ್ಲದು. ಟ್ರೋಪೊಪಾಸ್ ದಾಟಿದ ಮೇಲೆ ಲೆಕ್ಕ ತಿರುಗುಮುರುಗು. ಓಝೋನ್ ಬಿಸಿಲನ್ನು ಹೀರಿ ಸುತ್ತಲಿನ ಗಾಳಿಯನ್ನು ಕಾಯಿಸುವುದರಿಂದ ಅಲ್ಲಿ ಮೇಲೇರಿದಷ್ಟೂ ಬಿಸಿ. ಭಾರವಾದ ತಂಪು ಗಾಳಿ ಕೆಳಗೆ, ಹಗುರವಾದ ಬೆಚ್ಚನೆಯದು ಮೇಲೆ. ಅದು ಕದಲುವುದೇ ಇಲ್ಲ. ಆದ್ದರಿಂದ ಓಝೋನ್ ತಾನಾಗಿ ಸೋರಿ ಕೆಳಗೆ ಬೀಳುವ ಪ್ರಶ್ನೆ ಇಲ್ಲ. ಯಾವುದಾದರೂ ಶಕ್ತಿ ಅದನ್ನು ಎಳೆದು ತರಬೇಕು.

ಈ ಎರಡು ಲೋಕಗಳ ವ್ಯತ್ಯಾಸವನ್ನು ಕಣ್ಣಾರೆ ಕಾಣಬೇಕಾದರೆ ಓಝೋನ್‌ಸೊಂಡ್ ಹಾರಿಸುವಲ್ಲಿ ನಿಲ್ಲಬೇಕು. ನೋಡಲು ಬಲೂನಿಗೆ ಕಟ್ಟಿದ ಒಂದು ಥರ್ಮೊಕೋಲ್ ಪೆಟ್ಟಿಗೆ ಅಷ್ಟೆ. ಒಳಗೆ ಬೆರಳುದ್ದದ ಎರಡು ಪುಟ್ಟ ಲೋಟಗಳು, ಎರಡರಲ್ಲೂ ಬೇರೆಬೇರೆ ಸಾಂದ್ರತೆಯ ಪೊಟ್ಯಾಸಿಯಂ ಅಯೊಡೈಡ್ ದ್ರಾವಣ. ಸೀಟಿ ಗಾತ್ರದ ಟೆಫ್ಲಾನ್ ಪಂಪು ಹೊರಗಿನ ಗಾಳಿಯನ್ನು ಎಳೆದು ಒಂದು ಲೋಟದಲ್ಲಿ ಗುಳ್ಳೆಗುಳ್ಳೆಯಾಗಿ ಬಿಡುತ್ತಿರುತ್ತದೆ. ಗಾಳಿಯಲ್ಲಿ ಓಝೋನ್ ಇದ್ದರೆ ಅದು ಅಯೊಡೈಡಿನಿಂದ ಅಯೊಡಿನ್ ಬಿಡಿಸುತ್ತದೆ, ಆ ಅಯೊಡಿನ್ ಮತ್ತೆ ಅಯೊಡೈಡ್ ಆಗುವಾಗ ತಂತಿಯಲ್ಲಿ ವಿದ್ಯುತ್ ಹರಿಯುತ್ತದೆ. ಒಂದು ಓಝೋನ್ ಅಣುವಿಗೆ ಎರಡು ಎಲೆಕ್ಟ್ರಾನ್, ಲೆಕ್ಕ ಅಷ್ಟು ನೇರ. ಮೈಕ್ರೊಆಂಪಿಯರ್‌ಗಳಲ್ಲಿ ಅಳೆಯುವ ಆ ಸಣ್ಣ ಪ್ರವಾಹವನ್ನು ರೇಡಿಯೊ ಕೆಳಕ್ಕೆ ಹೇಳುತ್ತ ಹೋಗುತ್ತದೆ. ನಮ್ಮ ಹವಾಮಾನ ಇಲಾಖೆಯ ಸಿ.ಆರ್. ಶ್ರೀಧರನ್ 1960ರ ದಶಕದಲ್ಲೇ ಇಂಥದೊಂದು ದೇಶೀ ಉಪಕರಣ ರೂಪಿಸಿದ್ದರು. ದೆಹಲಿ, ಪುಣೆ, ತಿರುವನಂತಪುರದಿಂದ ಅವು ದಶಕಗಳ ಕಾಲ ಹಾರಿವೆ. ಎಷ್ಟೋ ದೊಡ್ಡ ದೊಡ್ಡ ಉಪಗ್ರಹಗಳ ಅಳತೆ ಸರಿಯೋ ತಪ್ಪೋ ಎಂದು ಇಂದಿಗೂ ತೀರ್ಪು ಕೊಡುವುದು ಈ ಎರಡು ಲೋಟಗಳೇ.

ಮಂತ್ರಾಲಯದ ನದಿದಂಡೆಯಿಂದ ಏಪ್ರಿಲಿನಲ್ಲಿ ಇಂಥದೊಂದು ಬಲೂನ್ ಬಿಟ್ಟರೆ ಏನು ಕಂಡೀತು ಎಂಬುದನ್ನು ದಕ್ಷಿಣ ಭಾರತದ ಬೇರೆ ಕಡೆಯ ಹಾರಾಟಗಳಿಂದ ಹೇಳಬಹುದು. ನೆಲದ ಬಳಿ ನೂರು ಕೋಟಿ ಗಾಳಿಯ ಅಣುಗಳಲ್ಲಿ 40–50 ಓಝೋನ್ ಅಣುಗಳು. ಬಲೂನು ಸೆಕೆಂಡಿಗೆ ಸುಮಾರು 5 ಮೀಟರ್‌ನಂತೆ ಏರುತ್ತದೆ. 5 ಕಿಲೊಮೀಟರ್ ದಾಟುವಾಗ ನೀರು ಹೆಪ್ಪುಗಟ್ಟುವ ಚಳಿ, ಓಝೋನಿನಲ್ಲಿ ಮಾತ್ರ ಹೇಳಿಕೊಳ್ಳುವ ಬದಲಾವಣೆ ಇಲ್ಲ. ಒಂದು ಗಂಟೆ ಹೊತ್ತಿಗೆ 17 ಕಿಲೊಮೀಟರ್. ಅಲ್ಲಿಂದ ಮೇಲೆ ಗ್ರಾಫ್ ಕಾಗದ ಸಾಲದಂತೆ ಗೆರೆ ಬಲಕ್ಕೆ ಓಡುತ್ತದೆ: ನೂರು, ಐನೂರು, ಸಾವಿರ, 30 ಕಿಲೊಮೀಟರ್ ಆಸುಪಾಸಿನಲ್ಲಿ ಎಂಟು ಸಾವಿರಕ್ಕೂ ಮೇಲೆ. ಅಷ್ಟರಲ್ಲಿ ರಬ್ಬರು ಹಿಗ್ಗಿ ಒಡೆದು ಪೆಟ್ಟಿಗೆ ಪ್ಯಾರಾಶೂಟಿನಲ್ಲಿ ಇಳಿಯುತ್ತದೆ.

ಬಲೂನು ಎಂದಾಗ ಬೀದರ್ ಜಿಲ್ಲೆಯವರಿಗೆ 2025ರ ಜನವರಿ ನೆನಪಾಗಬಹುದು. ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿ ಮನೆಯೊಂದರ ಮೇಲೆ ದೈತ್ಯ ಬಲೂನ್ ಬಿದ್ದು ಜನ ಗಾಬರಿಯಾಗಿದ್ದರು. ಅದು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ (ಟಿಐಎಫ್‌ಆರ್) ಹೈದರಾಬಾದಿನ ಬಲೂನ್ ಕೇಂದ್ರದಿಂದ ಹಾರಿಸಿದ್ದು. ಆ ಕೇಂದ್ರದ ದೊಡ್ಡ ಬಲೂನುಗಳ ಕೆಲಸವೇ ಬೇರೆ, ಓಝೋನ್‌ಸೊಂಡ್ ಅದರ ಮುಂದೆ ತೀರಾ ಚಿಕ್ಕದು. ಆದರೂ ನಮ್ಮ ಸೀಮೆಯ ನೆತ್ತಿಯ ಮೇಲಿನ ಗಾಳಿಯನ್ನು ಅರಿಯುವ ಕೆಲಸ ಕೂಗಳತೆಯಲ್ಲೇ ನಡೆಯುತ್ತಿದೆ ಎಂಬುದು ತಿಳಿದಿರಲಿ. 2014ರಿಂದ ಕೆಲವು ವರ್ಷ ಇಸ್ರೊ ಮತ್ತು ನಾಸಾ ಸೇರಿ ಹೈದರಾಬಾದ್, ತಿರುಪತಿ ಬಳಿಯ ಗಾದಂಕಿ ಮತ್ತು ವಾರಾಣಸಿಯಿಂದ ಮುಂಗಾರಿನ ಹೊತ್ತಿನ ಟ್ರೋಪೊಪಾಸ್ ಪರೀಕ್ಷೆಗೆಂದೇ ಬಲೂನು ಹಾರಿಸಿದವು.

ಈಗ ಇಳಿಯುವ ದಾರಿಗೆ ಬರೋಣ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಲನ್ ಬ್ರೂವರ್ ಎಂಬ ವಿಜ್ಞಾನಿ ಇಂಗ್ಲೆಂಡಿನ ಮೇಲೆ ವಿಮಾನಗಳಲ್ಲಿ ತೇವಾಂಶ ಅಳೆಯುತ್ತಿದ್ದರು. ಸಮೋಷ್ಣ ಮಂಡಲ ಮುಟ್ಟಿದೊಡನೆ ಗಾಳಿ ನಂಬಲಾಗದಷ್ಟು ಒಣಗಿರುವುದು ಕಂಡಿತು. ಇಂಗ್ಲೆಂಡಿನ ಮೇಲಿನ ಟ್ರೋಪೊಪಾಸ್ ಗಾಳಿಯನ್ನು ಅಷ್ಟು ಒಣಗಿಸುವಷ್ಟು ತಣ್ಣಗಿಲ್ಲ. ಹಾಗಿದ್ದರೆ ಈ ಗಾಳಿ ಎಲ್ಲೋ ಬಹಳ ತಣ್ಣನೆಯ ಜಾಗದಲ್ಲಿ ನೀರನ್ನೆಲ್ಲ ಕಳೆದುಕೊಂಡೇ ಒಳಗೆ ಹೊಕ್ಕಿರಬೇಕು. ಅಂಥ ಜಾಗ ಇರುವುದು ಉಷ್ಣವಲಯದ ನೆತ್ತಿಯ ಮೇಲೆ, ರಾಮನಾಥನ್ ಚಿತ್ರಿಸಿದ್ದ ಆ ಚಳಿಯಲ್ಲಿ. 1949ರಲ್ಲಿ ಬ್ರೂವರ್ ಇದನ್ನು ಪ್ರಕಟಿಸಿದರು. ಸೂರ್ಯನ ಬಲದಿಂದ ಓಝೋನ್ ಹುಟ್ಟುವುದು ಮುಖ್ಯವಾಗಿ ಉಷ್ಣವಲಯದ ಮೇಲೆ, ಆದರೆ ದಾಸ್ತಾನು ಹೆಚ್ಚಿರುವುದು ಧ್ರುವಗಳ ಕಡೆ, ಯಾಕೆ ಎಂಬ ಹಳೆಯ ಒಗಟಿಗೂ ಇದರಿಂದಲೇ ಉತ್ತರ ಸಿಕ್ಕಿತು. ಆಕ್ಸ್‌ಫರ್ಡಿನ ಗಾರ್ಡನ್ ಡಾಬ್ಸನ್ 1956ರಲ್ಲಿ ಅದನ್ನು ಬಿಡಿಸಿ ಹೇಳಿದರು. ಗಾಳಿ ಉಷ್ಣವಲಯದಲ್ಲಿ ನಿಧಾನವಾಗಿ ಸಮೋಷ್ಣ ಮಂಡಲಕ್ಕೆ ಏರುತ್ತದೆ, ಮೇಲೆ ಧ್ರುವಗಳತ್ತ ಸರಿಯುತ್ತದೆ, ಚಳಿಗಾಲ ಮತ್ತು ವಸಂತದಲ್ಲಿ ಅಲ್ಲಿ ಕೆಳಗಿಳಿಯುತ್ತದೆ. ಇದೇ ಬ್ರೂವರ್–ಡಾಬ್ಸನ್ ಪರಿಚಲನೆ.

ಈ ಏರಿಕೆಯ ವೇಗ ಸೆಕೆಂಡಿಗೆ ಮೂರನೇ ಒಂದು ಮಿಲಿಮೀಟರ್‌ಗೂ ಕಡಿಮೆ. ದಿನವಿಡೀ ಏರಿದರೆ 25 ಮೀಟರ್, ಅಂದರೆ ಮಠದ ಗೋಪುರದ ಎತ್ತರದಷ್ಟೋ ಏನೋ. ಇಂದು ನಮ್ಮ ಮೇಲೆ ಟ್ರೋಪೊಪಾಸ್ ದಾಟಿದ ಗಾಳಿ ಓಝೋನ್ ದಟ್ಟವಾಗಿರುವ ಎತ್ತರ ಮುಟ್ಟಲು ವರ್ಷವೇ ಬೇಕು. ಹಾಗೆಂದರೆ ಮಂತ್ರಾಲಯ, ಆದೋನಿ, ಬಳ್ಳಾರಿ, ರಾಯಚೂರು ಇರುವ ಈ ಅಕ್ಷಾಂಶ ಸಮೋಷ್ಣ ಮಂಡಲದ ಒಳಬಾಗಿಲು. ಮೇಲಿನ ಓಝೋನ್ ದಂಡಿಯಾಗಿ ಇಳಿಯುವ ಜಾಗ ನಮ್ಮದಲ್ಲ. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವ ಮಾತು ಇದೇ.

ಇಳಿಯುವ ಜಾಗ 30ರಿಂದ 60 ಡಿಗ್ರಿ ಅಕ್ಷಾಂಶಗಳ ನಡುವೆ. ಅಲ್ಲಿ 10–12 ಕಿಲೊಮೀಟರ್ ಎತ್ತರದಲ್ಲಿ ಜೆಟ್ ಮಾರುತ ಹರಿಯುತ್ತದೆ. ಅದು ಬಳುಕಿ ತಿರುಗುವ ಕಡೆ ಟ್ರೋಪೊಪಾಸ್ ಪಂಚೆಯ ನೆರಿಗೆಯಂತೆ ಮಡಿಚಿಕೊಂಡು, ಸಮೋಷ್ಣ ಮಂಡಲದ ಗಾಳಿಯ ತೆಳುವಾದ ಪಟ್ಟಿಯೊಂದು ಓರೆಯಾಗಿ ಕೆಳಗೆ ಜಾರುತ್ತದೆ. ದಪ್ಪ ಒಂದು ಕಿಲೊಮೀಟರ್ ಇದ್ದೀತು, ಉದ್ದ ನೂರಾರು ಕಿಲೊಮೀಟರ್. ಇದರ ರಚನೆಯನ್ನು 1955ರಲ್ಲಿ ರಿಚರ್ಡ್ ರೀಡ್ ಮೊದಲು ವಿವರಿಸಿದರು. ಎಡ್ವಿನ್ ಡೇನಿಯಲ್ಸನ್ ವಿಮಾನ ಹಾರಿಸಿ ಆ ಪಟ್ಟಿಯೊಳಗೇ ಅಳತೆ ತೆಗೆದು 1968ರಲ್ಲಿ ಅದನ್ನು ಸಾಬೀತು ಮಾಡಿದರು. ಅವರಿಗೆ ಗುರುತು ಹಿಡಿಯಲು ನೆರವಾದದ್ದು ಒಂದು ಘೋರ ವಸ್ತು: ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಬಯಲಿನಲ್ಲೇ ಸಿಡಿಸುತ್ತಿದ್ದ ಪರಮಾಣು ಬಾಂಬುಗಳ ವಿಕಿರಣ ಬೂದಿ. ಸಮೋಷ್ಣ ಮಂಡಲದಲ್ಲಿ ತೂರಿದ ಆ ಬೂದಿ ಪ್ರತಿ ವಸಂತದಲ್ಲಿ ನೆಲಕ್ಕಿಳಿದು ಹಸುವಿನ ಹಾಲಿನಲ್ಲಿ ಸ್ಟ್ರಾನ್ಷಿಯಂ ಆಗಿ ಕಾಣಿಸಿಕೊಂಡಾಗ ಜಗತ್ತು ಬೆಚ್ಚಿತ್ತು. ಮೇಲಿನ ಗಾಳಿ ಕೆಳಗೆ ಬರುತ್ತದೆ ಎಂಬುದು ಅಂದು ಮನೆಮನೆಯ ಭಯವಾಗಿತ್ತು.

ಪ್ರಕೃತಿಯೇ ಕೊಟ್ಟ ಗುರುತೂ ಒಂದಿದೆ. ವಿಶ್ವಕಿರಣಗಳು ಮೇಲಿನ ಗಾಳಿಯ ಸಾರಜನಕ, ಆಮ್ಲಜನಕಗಳನ್ನು ಒಡೆದಾಗ ಬೆರಿಲಿಯಂ-7 ಹುಟ್ಟುತ್ತದೆ. ಅದರ ಅರ್ಧಾಯುಷ್ಯ 53 ದಿನ. ಅದು ಹೆಚ್ಚಾಗಿ ಹುಟ್ಟುವುದು ಸಮೋಷ್ಣ ಮಂಡಲದಲ್ಲಿ. ನೆಲದ ಗಾಳಿಯಲ್ಲಿ ಓಝೋನ್ ಏರಿದ ದಿನವೇ ಬೆರಿಲಿಯಂ-7 ಕೂಡ ಏರಿ, ತೇವಾಂಶ ಇಳಿದಿದ್ದರೆ ಮೇಲಿನ ಗಾಳಿ ಬಂದಿದೆ ಎಂದು ಧೈರ್ಯವಾಗಿ ಹೇಳಬಹುದು. ಮಳೆ ನೀರಿನಲ್ಲಿ ಇದನ್ನು ಹುಡುಕಿ, ಗಾಳಿಯ ಚಲನೆ ತಿಳಿಯಲು ಇದನ್ನು ಬಳಸಬಹುದೆಂದು ತೋರಿಸಿದ ಮೊದಲಿಗರಲ್ಲಿ ಮುಂಬೈಯ ಟಿಐಎಫ್‌ಆರ್‌ನ ದೇವೇಂದ್ರ ಲಾಲ್, ಬರ್ನಾರ್ಡ್ ಪೀಟರ್ಸ್ ಮತ್ತು ಅವರ ಸಂಗಡಿಗರಿದ್ದಾರೆ. ಅದು 1950ರ ದಶಕದ ಮಾತು.

ಭಾರತಕ್ಕೆ ಈ ನೆರಿಗೆಗಳು ಹತ್ತಿರ ಬರುವುದು ಚಳಿಗಾಲದಲ್ಲಿ. ಆಗ ಪಶ್ಚಿಮದ ಜೆಟ್ ಹಿಮಾಲಯದ ದಕ್ಷಿಣಕ್ಕೆ ಸರಿದಿರುತ್ತದೆ. ಎವರೆಸ್ಟ್ ಬುಡದಲ್ಲಿ 5,079 ಮೀಟರ್ ಎತ್ತರದಲ್ಲಿರುವ ನೇಪಾಳದ ಪಿರಮಿಡ್ ವೀಕ್ಷಣಾಲಯ ಮುಂಗಾರು ಬಿಟ್ಟು ಉಳಿದ ತಿಂಗಳುಗಳಲ್ಲಿ ಇಂಥ ಇಳಿತಗಳನ್ನು ಮತ್ತೆಮತ್ತೆ ದಾಖಲಿಸಿದೆ. ಅಲ್ಲಿ ಇಳಿದ ಗಾಳಿ ದಕ್ಷಿಣಕ್ಕೆ ಜಾರುತ್ತ, ದಾರಿಯುದ್ದಕ್ಕೂ ಬೇರೆ ಗಾಳಿಯೊಡನೆ ಬೆರೆತು ಓಝೋನ್ ಕಳೆದುಕೊಳ್ಳುತ್ತ ಸಾಗುತ್ತದೆ. ಅದು ದಖ್ಖನ್ ಮುಟ್ಟುವುದು ನಡುಎತ್ತರದಲ್ಲಿ, ನೆಲದಲ್ಲಲ್ಲ.

ಹಾಗಾದರೆ ನಮ್ಮ ಮೇಲೆ ನೇರವಾಗಿ ಇಳಿಯುವುದೇ ಇಲ್ಲವೇ? ಇಳಿಯುತ್ತದೆ, ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದಾಗ.

ಇದನ್ನು ಹಿಡಿದುಕೊಟ್ಟ ಸಾಧನಗಳಲ್ಲಿ ಒಂದು ನಮ್ಮ ಪಕ್ಕದಲ್ಲೇ ಇದೆ. ತಿರುಪತಿ ಮತ್ತು ಚಿತ್ತೂರಿನ ನಡುವಿನ ಗಾದಂಕಿಯಲ್ಲಿ ಇಸ್ರೊ ಕುಟುಂಬದ ರಾಷ್ಟ್ರೀಯ ವಾಯುಮಂಡಲ ಸಂಶೋಧನಾ ಪ್ರಯೋಗಾಲಯದ ಎಂಎಸ್‌ಟಿ ರೇಡಾರ್ 1990ರ ದಶಕದ ಆರಂಭದಿಂದ ಕೆಲಸ ಮಾಡುತ್ತಿದೆ. ರೇಡಾರ್ ಎಂದರೆ ತಿರುಗುವ ತಟ್ಟೆ ಎಂದುಕೊಂಡು ಹೋದವರಿಗೆ ಅಲ್ಲಿ ಕಾಣುವುದು 130 ಮೀಟರ್ ಉದ್ದ, ಅಷ್ಟೇ ಅಗಲದ ಬಯಲು. ಅದರ ತುಂಬ ಸಾಲುಸಾಲಾಗಿ ನೆಟ್ಟ 1,024 ಆಂಟೆನಾಗಳು. ಹಳೆಯ ದೂರದರ್ಶನದ ಕಾಲದಲ್ಲಿ ಮಾಳಿಗೆಯ ಮೇಲೆ ಇರುತ್ತಿದ್ದಂಥವೇ, ಮುಖ ಮಾತ್ರ ನೇರ ಆಕಾಶಕ್ಕೆ. 53 ಮೆಗಾಹರ್ಟ್ಸ್ ಅಲೆಗಳನ್ನು 2.5 ಮೆಗಾವಾಟ್ ಗರಿಷ್ಠ ಬಲದಲ್ಲಿ ಮೇಲೆ ಕಳಿಸಿ, ಮೋಡವಿಲ್ಲದ ಬರಿಗಾಳಿಯಿಂದಲೂ ಮರಳುವ ಕ್ಷೀಣ ಪ್ರತಿಧ್ವನಿಯನ್ನು ಅದು ಕೇಳಿಸಿಕೊಳ್ಳುತ್ತದೆ. ಟ್ರೋಪೊಪಾಸಿನಲ್ಲಿ ಗಾಳಿ ಪದರಪದರವಾಗಿ ಗಟ್ಟಿ ನಿಂತಿರುವುದರಿಂದ ಅಲ್ಲಿಂದ ಬಲವಾದ ಪ್ರತಿಧ್ವನಿ ಬರುತ್ತದೆ. ಚಂಡಮಾರುತ ಹಾದುಹೋಗುವಾಗ ಆ ಪ್ರತಿಧ್ವನಿ ಕುಗ್ಗುತ್ತದೆ, ಅಂದರೆ ಗಡಿ ಸಡಿಲವಾಗುತ್ತದೆ. ಸಮೋಷ್ಣ ಮಂಡಲದ ಗಾಳಿ ಅದರ ಮೂಲಕ ಕೆಳಗೆ ನುಗ್ಗುವುದನ್ನು ಗಾದಂಕಿಯ ದಾಖಲೆಗಳಲ್ಲಿ ಗುರುತಿಸಿ ಸಿದ್ಧಾರ್ಥ ಶಂಕರ ದಾಸ್ 2009ರಲ್ಲಿ ಪ್ರಬಂಧ ಬರೆದರು.

ಅವರೂ ತಿರುವನಂತಪುರದ ಬಾಹ್ಯಾಕಾಶ ಭೌತ ಪ್ರಯೋಗಾಲಯದ ಅವರ ಜೊತೆಗಾರರೂ ಮುಂದೆ ಓಝೋನನ್ನೇ ಅಳೆಯಲು ಹೊರಟರು. 2012ರ ಅಕ್ಟೋಬರ್ ಕೊನೆಯಲ್ಲಿ ಮಹಾಬಲಿಪುರದ ಬಳಿ ದಡ ಹತ್ತಿದ ‘ನೀಲಂ’, 2013ರ ಅಕ್ಟೋಬರಿನಲ್ಲಿ ಒಡಿಶಾದ ಗೋಪಾಲಪುರದ ಬಳಿ ಅಪ್ಪಳಿಸಿದ ‘ಫೈಲಿನ್’ ಈ ಎರಡೂ ಚಂಡಮಾರುತಗಳ ದಿನಗಳಲ್ಲಿ ತಿರುವನಂತಪುರದಿಂದ ಬಲೂನು ಹಾರಿಸಿದರು. 2016ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ: 10ರಿಂದ 16 ಕಿಲೊಮೀಟರ್ ನಡುವೆ ಓಝೋನ್ ನೂರು ಕೋಟಿಗೆ 20ರಿಂದ 50 ಅಣುಗಳಷ್ಟು ಹೆಚ್ಚಿತು. ಆ ಹೆಚ್ಚಳ ದಿನಕ್ಕೆ 0.8ರಿಂದ 1 ಕಿಲೊಮೀಟರ್‌ನಂತೆ ಕೆಳಗಿಳಿಯುತ್ತ ಬಂತು. ಮೋಡವಿಲ್ಲದ ಸಾಮಾನ್ಯ ದಿನಗಳಿಗಿಂತ ಇದು ಮೂರು ಪಟ್ಟು ವೇಗ. ನೆಲಮಟ್ಟದಲ್ಲಿ ಹಗಲು ಸುಮಾರು 10, ರಾತ್ರಿ 10ರಿಂದ 15ರಷ್ಟು ಏರಿಕೆ ಕಂಡಿತು.

ರಾತ್ರಿಯ ಏರಿಕೆಯೇ ಇಲ್ಲಿ ಮುಖ್ಯ ಸಾಕ್ಷಿ. ನೆಲದ ಬಳಿ ಓಝೋನ್ ಹುಟ್ಟಲು ಬಿಸಿಲು ಬೇಕೇ ಬೇಕು. ಕತ್ತಲಾದ ಮೇಲೆ ಅದು ಎಲೆ, ಮಣ್ಣು, ಗೋಡೆಗಳಿಗೆ ತಾಗಿ ಕಡಿಮೆಯಾಗುತ್ತಲೇ ಹೋಗಬೇಕು. ಮೋಡ ಮುಸುಕಿ ಮಳೆ ಹೊಯ್ಯುತ್ತಿರುವ ರಾತ್ರಿಯಲ್ಲಿ ಅದು ಏರಿದೆ ಎಂದರೆ ಮೇಲಿಂದಲೇ ಬಂದಿರಬೇಕು. ಜೊತೆಗೆ, ಸುತ್ತ ಎಲ್ಲ ಮಳೆಮೋಡ ಇದ್ದರೂ ನಡುಎತ್ತರದಲ್ಲಿ ಅಲ್ಲಲ್ಲಿ ಒಣಗಾಳಿಯ ತುಣುಕುಗಳಿರುವುದನ್ನು ಉಪಗ್ರಹಗಳು ಕಂಡವು. ಮೇಲಿನ ಗಾಳಿಯ ಹೆಗ್ಗುರುತೇ ಆ ಒಣತನ. ಚಂಡಮಾರುತದ ಮೋಡಗೋಪುರಗಳು ಟ್ರೋಪೊಪಾಸಿಗೆ ಗುದ್ದಿ ಅದನ್ನು ಹರಿಯುತ್ತವೆ. ಏರಿದ ಗಾಳಿಯ ಜಾಗ ತುಂಬಲು ಸುತ್ತಲಿನ ಸಂದುಗಳಲ್ಲಿ ಗಾಳಿ ಇಳಿಯುತ್ತದೆ, ಅದರ ಜೊತೆ ಓಝೋನೂ ಇಳಿಯುತ್ತದೆ.

ನೀಲಂ ದಡ ಹತ್ತಿದ ಮೇಲೆ ದುರ್ಬಲವಾಗುತ್ತ ರಾಯಲಸೀಮೆಯ ಕಡೆಗೇ ಸರಿದಿತ್ತು. ಕೊಲ್ಲಿಯ ಹವೆಯ ಪ್ರತಾಪ ಮಂತ್ರಾಲಯದವರಿಗೆ ಹೊಸದಲ್ಲ. 2009ರ ಅಕ್ಟೋಬರ್ 2ರಂದು ತುಂಗಭದ್ರೆ ಉಕ್ಕಿ ಮಠ, ಊರು ಎಲ್ಲ ಮುಳುಗಿದ್ದನ್ನು ಕಂಡವರು ಇನ್ನೂ ಆ ದಿನ ಎಂದರೆ ನಡುಗುತ್ತಾರೆ. ಅಂಥ ಹವೆಯ ದಿನಗಳಲ್ಲಿ ಆಕಾಶದ ಮೇಲಂತಸ್ತಿನಲ್ಲೂ ಏರುಪೇರು ನಡೆದಿರುತ್ತದೆ ಎಂಬುದನ್ನು ಇನ್ನು ಮುಂದೆ ಲೆಕ್ಕಕ್ಕೆ ಹಿಡಿಯಬೇಕು.

ಇಷ್ಟೆಲ್ಲ ಇದ್ದರೂ ಇದು ಅಪರೂಪದ ಅತಿಥಿ. ಆದೋನಿಯ ಹೊಲದಲ್ಲಿ, ಎಮ್ಮಿಗನೂರಿನ ರಸ್ತೆಯಲ್ಲಿ ಏಪ್ರಿಲ್ ಮಧ್ಯಾಹ್ನ ಇರುವ ಓಝೋನಿನ ಬಹುಪಾಲು ಮೇಲಿಂದ ಬಂದದ್ದಲ್ಲ. 1970ರ ದಶಕದ ಆರಂಭದವರೆಗೂ ಕೆಳಗಿನ ಓಝೋನೆಲ್ಲ ಮೇಲಿಂದ ಇಳಿದದ್ದೇ ಎಂಬುದು ಬಲವಾದ ನಂಬಿಕೆಯಾಗಿತ್ತು. ಮುಂದೆ 1995ರಲ್ಲಿ ನೊಬೆಲ್ ಪಡೆದ ಪಾಲ್ ಕ್ರುಟ್ಸನ್ ಮತ್ತಿತರರು ಅದನ್ನು ಬುಡಮೇಲು ಮಾಡಿದರು. ವಾಹನ, ಕಾರ್ಖಾನೆ, ಬೆಂಕಿಯಿಂದ ಹೊರಡುವ ನೈಟ್ರೊಜನ್ ಆಕ್ಸೈಡುಗಳು, ಇಂಗಾಲದ ಮಾನಾಕ್ಸೈಡು, ಮೀಥೇನು, ಪೆಟ್ರೋಲ್ ಆವಿಯಂಥ ಅನಿಲಗಳು ಬಿಸಿಲಿನಲ್ಲಿ ಬೆರೆತು ಇಲ್ಲೇ ಓಝೋನ್ ತಯಾರಾಗುತ್ತದೆ ಎಂದು ತೋರಿಸಿದರು. ಇಂದಿನ ಅಂದಾಜಿನಂತೆ ಮೇಲಿಂದ ಪರಿವರ್ತನಾ ಮಂಡಲಕ್ಕೆ ಇಳಿಯುವುದು ವರ್ಷಕ್ಕೆ ಸುಮಾರು 50 ಕೋಟಿ ಟನ್. ಇಲ್ಲೇ ತಯಾರಾಗುವುದು 500 ಕೋಟಿ ಟನ್ ಆಸುಪಾಸು. ಇಲ್ಲೇ ನಾಶವಾಗುವುದೂ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ ಅದು ರಾಶಿ ಬೀಳುವುದಿಲ್ಲ. ಒಂದು ಓಝೋನ್ ಅಣು ಇಲ್ಲಿ ಸರಾಸರಿ ಮೂರು ವಾರ ಬಾಳುತ್ತದೆ.

ನಮ್ಮ ಸೀಮೆಯ ಹವೆಗೆ ಹತ್ತಿರವಾದ ಅಳತೆ ಇರುವುದು ಗುಂತಕಲ್ ದಾಟಿದರೆ ಸಿಗುವ ಅನಂತಪುರದಲ್ಲಿ. ಅಲ್ಲಿನ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದವರು 2000ದ ದಶಕದಿಂದ ನೆಲಮಟ್ಟದ ಓಝೋನ್ ಅಳೆದು ಪ್ರಬಂಧಗಳನ್ನು ಬರೆದಿದ್ದಾರೆ. ಅದೇ ಎರೆ ಮತ್ತು ಕೆಂಪು ನೆಲ, ಅದೇ ಬರ, ಅದೇ ಬಿಸಿಲು. ಅವರ ಗ್ರಾಫುಗಳಲ್ಲಿ ಓಝೋನ್ ಬೆಳಿಗ್ಗೆ ಸೂರ್ಯನ ಜೊತೆ ಏರುತ್ತದೆ, ಮಧ್ಯಾಹ್ನದ ಹೊತ್ತಿಗೆ ತುದಿ ಮುಟ್ಟುತ್ತದೆ, ಸಂಜೆ ಇಳಿಯುತ್ತದೆ. ವರ್ಷದಲ್ಲಿ ಏಪ್ರಿಲಿನಲ್ಲಿ ಅತಿ ಹೆಚ್ಚು, ಆಗಸ್ಟಿನಲ್ಲಿ ಅತಿ ಕಡಿಮೆ. ಮುಂಗಾರಿನಲ್ಲಿ ಸಮುದ್ರದ ಶುದ್ಧ ಗಾಳಿ ಬರುತ್ತದೆ, ಮೋಡ ಬಿಸಿಲನ್ನು ಮರೆಮಾಡುತ್ತದೆ, ಮಳೆ ಕಚ್ಚಾ ಸಾಮಗ್ರಿಯನ್ನು ತೊಳೆಯುತ್ತದೆ. ಸೂರ್ಯನ ಹಿಂದೆಯೇ ಓಡುವ ಈ ಗೆರೆ ಸ್ಥಳೀಯ ತಯಾರಿಕೆಯ ಸಹಿ.

ಕಚ್ಚಾ ಸಾಮಗ್ರಿಗೆ ನಮ್ಮ ಸುತ್ತ ಕೊರತೆ ಇಲ್ಲ. ಶಕ್ತಿನಗರದಲ್ಲಿ 1,720 ಮೆಗಾವಾಟ್‌ನ ರಾಯಚೂರು ಶಾಖೋತ್ಪನ್ನ ಸ್ಥಾವರ, ಯರಮರಸ್‌ನಲ್ಲಿ 1,600 ಮೆಗಾವಾಟ್‌ನದು, ಬಳ್ಳಾರಿಯ ಕುಡತಿನಿಯಲ್ಲಿ 1,700 ಮೆಗಾವಾಟ್‌ನದು, ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ. ಹೆದ್ದಾರಿಯ ಲಾರಿಗಳು. ಫೆಬ್ರುವರಿ, ಮಾರ್ಚಿನಲ್ಲಿ ಹೊಲದ ಬದುವಿನಲ್ಲಿ ಸುಡುವ ಹತ್ತಿ ಕಟ್ಟಿಗೆ. ಇದರಲ್ಲಿ ಒಂದು ವೈಚಿತ್ರ್ಯವಿದೆ: ಹೊಗೆ ದಟ್ಟವಾಗಿರುವ ರಸ್ತೆಯ ಪಕ್ಕದಲ್ಲಿ ನೈಟ್ರಿಕ್ ಆಕ್ಸೈಡು ಓಝೋನನ್ನು ತಿಂದುಹಾಕುತ್ತದೆ. ಓಝೋನ್ ಹೆಚ್ಚುವುದು ಗಾಳಿ ಬೀಸುವ ದಿಕ್ಕಿನಲ್ಲಿ ಕೆಲವು ಗಂಟೆಗಳ ದಾರಿ ಸಾಗಿದ ಮೇಲೆ, ಹೊಗೆಯೇ ಕಾಣದ ಹಳ್ಳಿಗಳಲ್ಲಿ. ಚಿಮಣಿ ಒಂದು ರಾಜ್ಯದಲ್ಲಿ, ಕೇಡು ಇನ್ನೊಂದು ರಾಜ್ಯದಲ್ಲಿ ಆಗುವುದು ಇದರಿಂದಲೇ.

ಆದೋನಿಯ ಬಾಳು ಹತ್ತಿಯ ಮೇಲೆ ನಿಂತಿದೆ. ಸುಗ್ಗಿಯಲ್ಲಿ ಮಾರುಕಟ್ಟೆ ಯಾರ್ಡ್ ತುಂಬ ಬೆಳ್ಳಗಿನ ರಾಶಿ, ಜಿನ್ನಿಂಗ್ ಫ್ಯಾಕ್ಟರಿಗಳಲ್ಲಿ ಹಗಲಿರುಳು ಕೆಲಸ. ಬೆಳೆ ಕೈಕೊಟ್ಟ ವರ್ಷ ಕೋಸಿಗಿ, ಮಂತ್ರಾಲಯ, ಪೆದ್ದಕಡುಬೂರು ಕಡೆಯ ಕುಟುಂಬಗಳು ಮಕ್ಕಳುಮರಿ ಕಟ್ಟಿಕೊಂಡು ಮೆಣಸಿನಕಾಯಿ, ಹತ್ತಿ ಬಿಡಿಸಲು ಗುಂಟೂರಿನ ಕಡೆ ಗುಳೆ ಹೋಗುತ್ತವೆ. ಓಝೋನಿಗೆ ಸುಲಭವಾಗಿ ಸೋಲುವ ಬೆಳೆಗಳಲ್ಲಿ ಹತ್ತಿಯೂ ಒಂದು. ಎಲೆಯ ಸಣ್ಣ ರಂಧ್ರಗಳಿಂದ ಒಳಹೊಕ್ಕು ಅದು ಜೀವಕೋಶಗಳನ್ನು ಕೆಡಿಸುತ್ತದೆ. ಎಲೆಯ ಮೇಲ್ಮೈ ಕಂದಾಗುತ್ತದೆ, ಎಲೆ ಬೇಗ ಉದುರುತ್ತದೆ, ಕಾಯಿ ಕಡಿಮೆಯಾಗುತ್ತವೆ. ಎಲೆ ಕೆಂಪಾದರೆ ಮೆಗ್ನೀಸಿಯಂ ಕೊರತೆ ಎನ್ನುತ್ತೇವೆ. ಎಷ್ಟೋ ಸಲ ಅದು ನಿಜವೂ ಹೌದು. ಆದರೆ ಮುಂಗಾರು ಹಿಂದೆ ಸರಿದು, ಬಿಸಿಲು ಬಿದ್ದು, ಓಝೋನ್ ಮತ್ತೆ ಏರತೊಡಗುವ ಕಾಲವೂ ಕಾಯಿ ಕಟ್ಟಿ ಒಡೆಯುವ ಕಾಲವೂ ಒಂದೇ ಎಂಬುದನ್ನು ಮರೆಯಬಾರದು. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂನ ಸಚಿನ್ ಘುಡೆ ಮತ್ತು ಸಂಗಡಿಗರು 2005ರ ಅಂಕಿಗಳನ್ನಿಟ್ಟುಕೊಂಡು ಮಾಡಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ದೇಶದಲ್ಲಿ ಓಝೋನಿನಿಂದ ಆದ ನಷ್ಟ ಗೋಧಿಯಲ್ಲಿ 35 ಲಕ್ಷ ಟನ್, ಭತ್ತದಲ್ಲಿ 21 ಲಕ್ಷ ಟನ್. ಹತ್ತಿಯಲ್ಲಿ ನೂರಕ್ಕೆ ಐದರಷ್ಟು. ಐದು ಎಂಬುದು ಕಾಗದದ ಮೇಲೆ ಚಿಕ್ಕದಾಗಿ ಕಾಣಬಹುದು. ಸಾಲ ತೀರಿಸಿ ಕೈಯಲ್ಲಿ ಉಳಿಯುವುದೇ ಅಷ್ಟು ಎನ್ನುವ ರೈತನಿಗೆ ಅದು ಊರಲ್ಲಿ ಉಳಿಯುವುದೋ ಗುಳೆ ಹೋಗುವುದೋ ಎಂಬ ಪ್ರಶ್ನೆ.

ಮೇಲಿನ ಮತ್ತು ಕೆಳಗಿನ ಪಾಲನ್ನು ಬೇರೆಬೇರೆ ಲೆಕ್ಕ ಹಾಕಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕೇ. 1987ರ ಮಾಂಟ್ರಿಯಲ್ ಒಪ್ಪಂದದ ಫಲವಾಗಿ ಓಝೋನ್ ಪದರ ಚೇತರಿಸಿಕೊಳ್ಳುತ್ತಿದೆ. ಧ್ರುವಗಳನ್ನು ಬಿಟ್ಟು ಉಳಿದೆಡೆ 2040ರ ಹೊತ್ತಿಗೆ ಅದು 1980ರ ಮಟ್ಟಕ್ಕೆ ಮರಳುವ ನಿರೀಕ್ಷೆ ಇದೆ. ಜಗತ್ತು ಒಟ್ಟಾಗಿ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಇದು ಮೊದಲ ಸಾಲಿನದು. ಇನ್ನೊಂದು ಕಡೆ ಭೂಮಿ ಬಿಸಿಯಾದಂತೆ ಬ್ರೂವರ್–ಡಾಬ್ಸನ್ ಪರಿಚಲನೆ ಚುರುಕಾಗುತ್ತದೆ ಎಂದು ಹವಾಮಾನ ಮಾದರಿಗಳು ಹೇಳುತ್ತಿವೆ. ಎರಡೂ ಸೇರಿದರೆ ಮುಂದಿನ ದಶಕಗಳಲ್ಲಿ ಮೇಲಿಂದ ಇಳಿಯುವ ಓಝೋನ್ ಹೆಚ್ಚಲಿದೆ. ಅದನ್ನು ತಡೆಯುವುದು ಯಾರ ಕೈಯಲ್ಲೂ ಇಲ್ಲ. ಅಷ್ಟೂ ಸಾಲದೆಂಬಂತೆ ನಾವು ಕೆಳಗಿನಿಂದ ತಯಾರಿಸುತ್ತ ಹೋದರೆ, 8 ಗಂಟೆಯ ಸರಾಸರಿ ಘನ ಮೀಟರಿಗೆ 100 ಮೈಕ್ರೊಗ್ರಾಂ ಮೀರಬಾರದು ಎಂದು 2009ರಲ್ಲಿ ನಾವೇ ಹಾಕಿಕೊಂಡ ರಾಷ್ಟ್ರೀಯ ಮಿತಿಯೊಳಗೆ ನಿಲ್ಲುವುದು ಪ್ರತಿ ವರ್ಷವೂ ಇನ್ನಷ್ಟು ಕಷ್ಟವಾಗುತ್ತದೆ.

ಮಾಡಬೇಕಾದದ್ದು ದೊಡ್ಡ ಖರ್ಚಿನದೇನಲ್ಲ. ನಂದ್ಯಾಲದ ಕೃಷಿ ಸಂಶೋಧನಾ ಕೇಂದ್ರ ಮತ್ತು ರಾಯಚೂರಿನ ಕೃಷಿ ವಿಶ್ವವಿದ್ಯಾಲಯ, ಎರಡಕ್ಕೂ ಹತ್ತಿಯ ಅನುಭವ ಇದೆ. ಹೊಳೆಯ ಎರಡೂ ದಡಗಳಲ್ಲಿ ಒಂದೊಂದು ಹತ್ತಿ ತಾಕಿನ ಪಕ್ಕ ಓಝೋನ್ ಮಾಪಕ ಇಟ್ಟು, ಅರ್ಧ ತಾಕಿಗೆ ಓಝೋನಿನ ಏಟು ತಪ್ಪಿಸುವ ಎಥಿಲೀನ್ ಡೈಯೂರಿಯ ಕೊಟ್ಟು, ಉಳಿದರ್ಧದೊಡನೆ ಇಳುವರಿ ಹೋಲಿಸಿ ನೋಡಲಿ. ಗೋಧಿ, ಹೆಸರು ಬೆಳೆಗಳಲ್ಲಿ ದೇಶದ ಬೇರೆ ಕಡೆ ಈ ಪರೀಕ್ಷೆ ಆಗಿದೆ. ಕೊಲ್ಲಿಯಲ್ಲಿ ಚಂಡಮಾರುತ ಎದ್ದ ವಾರಗಳಲ್ಲಿ ಗಾದಂಕಿ ಮತ್ತು ಹೈದರಾಬಾದಿನವರು ಒಂದೆರಡು ಓಝೋನ್‌ಸೊಂಡ್ ಈ ಸೀಮೆಯಿಂದಲೂ ಹಾರಿಸಲಿ. ಆಗ ಮೇಲಿನದು ಎಷ್ಟು, ನಮ್ಮದು ಎಷ್ಟು ಎಂದು ಖಚಿತವಾಗಿ ತಿಳಿದೀತು. ರೈತ ಬಾಂಧವರು ಹತ್ತಿ ಕಟ್ಟಿಗೆಯನ್ನು ಹೊಲದಲ್ಲಿ ಸುಡುವ ಬದಲು ಪುಡಿ ಮಾಡಿ ಮಣ್ಣಿಗೆ ಸೇರಿಸಲಿ, ಅದಕ್ಕೆ ಬೇಕಾದ ಯಂತ್ರವನ್ನು ಆಂಧ್ರ, ಕರ್ನಾಟಕ ಎರಡೂ ರಾಜ್ಯಗಳ ಸರಕಾರಗಳು ಬಾಡಿಗೆಗೆ ಒದಗಿಸಲಿ. ಸ್ಥಾವರಗಳ ಚಿಮಣಿಯಿಂದ ಹೊರಡುವ ನೈಟ್ರೊಜನ್ ಆಕ್ಸೈಡಿನ ಲೆಕ್ಕವನ್ನು ಆದೋನಿ, ಮಂತ್ರಾಲಯದ ಜನರೂ ಕೇಳಬೇಕು. ಗಡಿಯ ಈಚೆ ಇದ್ದೇವೆ ಎಂಬ ಕಾರಣಕ್ಕೆ ಆ ಹಕ್ಕು ಇಲ್ಲವಾಗುವುದಿಲ್ಲ.